ಅರ್ಧಕ್ಕೆ ನಿಂತ 143 ಪೇಮೆಂಟ್‌ಗಳು ನಮಗೆ ಕಲಿಸಿದ್ದು

ಸಾಗರ ತಾಲೂಕಿನ ನಮ್ಮೂರಿನ ಶಾಲಾ ಮೈದಾನದಲ್ಲಿ ಫೆಬ್ರವರಿಯ ಒಂದು ಶನಿವಾರ ರಾತ್ರಿ ಯಕ್ಷಗಾನ ಇಟ್ಟುಕೊಂಡಿದ್ದೆವು. ಪ್ರಸಂಗ ಗದಾಯುದ್ಧ. ಮಕ್ಕಳ ಯಕ್ಷಗಾನ ತರಗತಿಗೆ ಒಂದು ಚಂಡೆ, ಒಂದು ಮದ್ದಳೆ, ಒಂದಷ್ಟು ವೇಷಭೂಷಣ ಬೇಕಿತ್ತು. ಊರವರ ಹತ್ತಿರ ಮತ್ತೆ ಮತ್ತೆ ವಂತಿಗೆ ಕೇಳುವ ಬದಲು ಟಿಕೆಟ್ ಇಟ್ಟು ಸಹಾಯಾರ್ಥ ಪ್ರದರ್ಶನ ಮಾಡೋಣ ಎಂದು ತೀರ್ಮಾನವಾಯಿತು. ಡೇರೆ ಮೇಳದ ಆಟಕ್ಕೆ ಟಿಕೆಟ್ ಕೊಟ್ಟು ಕೂರುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹೊಸದಾಗಿದ್ದು ಒಂದೇ, ಟಿಕೆಟನ್ನು ಆನ್‌ಲೈನ್‌ನಲ್ಲಿ ಮಾರಿದ್ದು.

ಟಿಕೆಟ್ ಜವಾಬ್ದಾರಿ ಹೊತ್ತವರು ನಾವು ಮೂರು ಜನ. ಒಬ್ಬರು ಶಾಲೆಯ ಮೇಷ್ಟ್ರು. ಒಬ್ಬರು ಮೊಬೈಲ್ ರೀಚಾರ್ಜ್ ಅಂಗಡಿಯವರು. ಇನ್ನೊಬ್ಬರು ಇದನ್ನು ಬರೆಯುತ್ತಿರುವ, ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿ ದುಡ್ಡು ಪಡೆಯುವ ಜಿಲ್ಲಾ ಸ್ಟ್ರಿಂಗರ್. ಆದ ತಪ್ಪು ಮೂವರದ್ದೂ ಹೌದು. ಹಾಗಾಗಿ 'ನಾವು' ಎಂದೇ ಬರೆಯುತ್ತಿದ್ದೇವೆ.

ಆ ರಾತ್ರಿ ಒಂಬತ್ತೂವರೆಗೆ ಗೇಟಿನ ಹತ್ತಿರ ಒಬ್ಬ ಹಿರಿಯರು ಬಂದರು. ಜೊತೆಗೆ ಹತ್ತು ಹನ್ನೊಂದು ವರ್ಷದ ಮೊಮ್ಮಗಳು. ಪಕ್ಕದೂರಿನಿಂದ ಆಟೋ ಮಾಡಿಸಿಕೊಂಡು ಬಂದಿದ್ದರು. ಫೋನ್ ತೆಗೆದು ಮೆಸೇಜ್ ತೋರಿಸಿದರು. ಖಾತೆಯಿಂದ ದುಡ್ಡು ಕಡಿತವಾಗಿದೆ ಎಂದು ಅದರಲ್ಲಿತ್ತು. ಟಿಕೆಟ್ ಮಾತ್ರ ಬಂದಿರಲಿಲ್ಲ.

ಗೇಟಿನಲ್ಲಿದ್ದ ನಮ್ಮ ಹುಡುಗರು ಪ್ರಿಂಟ್ ತೆಗೆದ ಪಟ್ಟಿ ನೋಡಿದರು. ಅವರ ಹೆಸರು ಇರಲಿಲ್ಲ. "ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಟಿಕೆಟ್ ಬೇಕಾದರೆ ಕೌಂಟರಿನಲ್ಲಿ ತೆಗೊಳ್ಳಿ" ಎಂದರು. ಅವರು ನಮ್ಮನ್ನು ಕರೆಸಿದರು. ನಾವೂ ಪಟ್ಟಿಯನ್ನೇ ನೋಡಿ ಅದೇ ಮಾತು ಹೇಳಿದೆವು.

"ದುಡ್ಡು ಹೋಗಿದೆ ಮಾರಾಯ. ನಾನೆಂತ ಸುಳ್ಳು ಹೇಳ್ತೀನಾ?" ಎಂದರು. ಜೋರಾಗಿ ಹೇಳಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಕೇಳಿಸಿಕೊಳ್ಳುತ್ತಿದ್ದರು, ಅವರಿಗೆ ಅದು ಗೊತ್ತಾಗುತ್ತಿತ್ತು. ಇನ್ನೊಂದು ಸಲ ಟಿಕೆಟ್ ಕೊಂಡು ಒಳಗೆ ಬರುವಷ್ಟು ದುಡ್ಡು ಅವರ ಜೇಬಿನಲ್ಲಿ ಇತ್ತೋ ಇಲ್ಲವೋ ನಾವು ಕೇಳಲಿಲ್ಲ. ಮೊಮ್ಮಗಳ ಕೈ ಹಿಡಿದುಕೊಂಡು ಹೊರಟುಬಿಟ್ಟರು.

ಒಳಗೆ ಕುರ್ಚಿ ಖಾಲಿ ಇದ್ದವು. ಒಂದೆರಡಲ್ಲ, ನೂರಾರು.

ನಾವು ಬರೆದ ಸುದ್ದಿ

ಕುರ್ಚಿ ಯಾಕೆ ಖಾಲಿ ಇದ್ದವು ಎಂಬುದಕ್ಕೂ ಆ ಹಿರಿಯರು ವಾಪಸ್ ಹೋಗಿದ್ದಕ್ಕೂ ಕಾರಣ ಒಂದೇ. ಅರ್ಧಕ್ಕೆ ನಿಂತ ಪೇಮೆಂಟ್ ಎಂದರೆ ಏನು ಎಂದು ನಮಗೆ ಗೊತ್ತಿರಲಿಲ್ಲ.

ಆನ್‌ಲೈನ್ ಟಿಕೆಟ್ ಮಾರುವವರಿಗೆ ಒಂದು ಡ್ಯಾಶ್‌ಬೋರ್ಡ್ ಕೊಡುತ್ತಾರೆ. ಯಾರು ಯಾವಾಗ ಟಿಕೆಟ್ ತೆಗೆದುಕೊಂಡರು, ಎಷ್ಟು ದುಡ್ಡು ಬಂತು ಎಂದು ಅದರಲ್ಲಿ ಸಾಲು ಸಾಲಾಗಿ ಬರುತ್ತದೆ. ಆರು ದಿನ ಟಿಕೆಟ್ ಮಾರಿದ ಮೇಲೆ ಗುರುವಾರ ಸಂಜೆ ನೋಡಿದಾಗ ಒಟ್ಟು 255 ಸಾಲು ಇದ್ದವು. ನಮಗೆ ಖುಷಿಯೋ ಖುಷಿ. ಒಂದೊಂದು ಬುಕಿಂಗ್‌ನಲ್ಲಿ ಸರಾಸರಿ ಇಬ್ಬರು ಎಂದು ಹಿಡಿದರೂ 500 ಜನ ದಾಟುತ್ತದೆ. ನಾವು ಹೇಳಿದ್ದ ಕುರ್ಚಿ 400. ತಕ್ಷಣ ಶಾಮಿಯಾನದವರಿಗೆ ಫೋನ್ ಮಾಡಿ ಇನ್ನೂ 200 ಕುರ್ಚಿ ಹೇಳಿದೆವು.

ಅಷ್ಟಕ್ಕೇ ನಿಲ್ಲಲಿಲ್ಲ. ಪತ್ರಿಕೆಗೆ ಸುದ್ದಿ ಕಳಿಸಿದೆವು. "ಮಲೆನಾಡಿನ ಹಳ್ಳಿಯ ಯಕ್ಷಗಾನಕ್ಕೆ ಆನ್‌ಲೈನ್‌ನಲ್ಲಿ 255 ಬುಕಿಂಗ್" ಎಂದು ಶುಕ್ರವಾರ ಒಳಪುಟದಲ್ಲಿ ಬಂತು. ಅದನ್ನು ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಹಂಚಿದೆವು. ಎಲ್ಲರೂ ಹೆಬ್ಬೆರಳು ಎತ್ತಿದರು.

ಆದರೆ 255ರಲ್ಲಿ ದುಡ್ಡು ನಿಜವಾಗಿ ಬಂದದ್ದು 112ಕ್ಕೆ ಮಾತ್ರ. ಉಳಿದ 143 ಸಾಲುಗಳ ಮುಂದೆ ಬೇರೆ ಬೇರೆ ಬಣ್ಣದಲ್ಲಿ ಬೇರೆ ಬೇರೆ ಪದ ಇತ್ತು. ಕ್ರಿಯೇಟೆಡ್, ಫೇಲ್ಡ್, ಎಕ್ಸ್‌ಪೈರ್ಡ್, ಪೆಂಡಿಂಗ್. ನಾವು ಆ ಕಾಲಂ ಕಡೆ ಸರಿಯಾಗಿ ಕಣ್ಣು ಹಾಯಿಸಿರಲಿಲ್ಲ. ಡಿಪ್ಲೊಮಾ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು, ಅಂಕಿ ಕೊಟ್ಟವರನ್ನು ಅದು ಯಾವುದರ ಅಂಕಿ ಎಂದು ಕೇಳು ಎಂಬುದು. ಬರಗಾಲದ ನಷ್ಟದ ಅಂಕಿ ಬಂದಾಗ ಅಧಿಕಾರಿಗಳನ್ನು ಕೇಳುತ್ತೇವೆ. ನಮ್ಮದೇ ಅಂಕಿ ಬಂದಾಗ ಕೇಳಲಿಲ್ಲ.

ಆಟದ ದಿನ ಆನ್‌ಲೈನ್ ಟಿಕೆಟ್ ಇದ್ದವರು 231 ಜನ ಬಂದರು. ಗೇಟಿನಲ್ಲಿ ದುಡ್ಡು ಕೊಟ್ಟು ಬಂದವರು 74 ಜನ. ಒಟ್ಟು 305. ಹಾಕಿದ್ದ ಕುರ್ಚಿ 600. ಆಮೇಲೆ ಗೊತ್ತಾಯಿತು, ಪಕ್ಕದ ಎರಡು ಊರಿನವರು ಸುದ್ದಿ ಓದಿ "ಟಿಕೆಟ್ ಎಲ್ಲ ಮುಗಿದಿರಬೇಕು, ಅಷ್ಟು ದೂರ ಹೋಗಿ ನಿಂತು ನೋಡೋದು ಯಾಕೆ" ಎಂದು ಮನೆಯಲ್ಲೇ ಉಳಿದಿದ್ದರು. ನಮ್ಮ ಸುದ್ದಿ ನಮ್ಮ ಆಟಕ್ಕೇ ಜನ ಕಡಿಮೆ ಮಾಡಿತ್ತು.

ದುಡ್ಡು ಹೋಗುವ ದಾರಿ

ಮರುದಿನ ಮಧ್ಯಾಹ್ನ ರೀಚಾರ್ಜ್ ಅಂಗಡಿಯಲ್ಲಿ ಕೂತು 143 ಸಾಲುಗಳನ್ನು ಒಂದೊಂದಾಗಿ ನೋಡಿದೆವು. ಆ ಹಿರಿಯರ ಹೆಸರು ಅಲ್ಲಿತ್ತು. ನಾವು ಪ್ರಿಂಟ್ ತೆಗೆಯುವಾಗ 'ಪೆಂಡಿಂಗ್' ಎಂದಿದ್ದ ಸಾಲು ರಾತ್ರಿ 1 ಗಂಟೆ 10 ನಿಮಿಷಕ್ಕೆ 'ಸಕ್ಸೆಸ್' ಎಂದು ಬದಲಾಗಿತ್ತು. ರಂಗದ ಮೇಲೆ ದುರ್ಯೋಧನ ಸರೋವರ ಹೊಕ್ಕು ಕೂತಿದ್ದ ಹೊತ್ತು ಅದು. ಅಷ್ಟು ಹೊತ್ತಿಗೆ ಅಜ್ಜ ಮೊಮ್ಮಗಳು ಮನೆಗೆ ಹೋಗಿ ಮಲಗಿ ಗಂಟೆಗಟ್ಟಲೆ ಆಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಪಟ್ಟಿಯೂ ಸುಳ್ಳು ಹೇಳಿರಲಿಲ್ಲ. ಸುದ್ದಿ ತಲುಪುವುದು ತಡವಾಗಿತ್ತು.

ಇದು ಹೇಗೆ ಆಗುತ್ತದೆ ಎಂದು ಅರ್ಥ ಮಾಡಿಕೊಳ್ಳಲು ನಮಗೆ ಬಸ್ಸಿನ ಉದಾಹರಣೆ ಸಹಾಯ ಮಾಡಿತು.

ನಮ್ಮೂರಿನಿಂದ ಸಾಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಾವು ಒಂದು ಪೊಟ್ಟಣ ಕೊಟ್ಟು ಕಳಿಸುತ್ತೇವೆ ಎಂದುಕೊಳ್ಳಿ. ಸ್ಟ್ಯಾಂಡಿನಲ್ಲಿ ಒಬ್ಬರು ಅದನ್ನು ತೆಗೆದುಕೊಂಡು ಅಂಗಡಿಗೆ ಮುಟ್ಟಿಸಬೇಕು. ಅಂಗಡಿಯವರು "ಮುಟ್ಟಿತು" ಎಂದು ಚೀಟಿ ಬರೆದು ಸಂಜೆ ಬಸ್ಸಿಗೆ ಕೊಡಬೇಕು. ಪೊಟ್ಟಣ ಹೋಗುವಾಗ ಬಸ್ಸು ಕೆಟ್ಟು ನಿಂತರೆ ಪೊಟ್ಟಣ ಮುಟ್ಟಿಲ್ಲ. ಚೀಟಿ ಬರುವಾಗ ಬಸ್ಸು ಕೆಟ್ಟು ನಿಂತರೆ ಪೊಟ್ಟಣ ಮುಟ್ಟಿದೆ, ಆದರೆ ನಮಗೆ ಗೊತ್ತಿಲ್ಲ. ಮನೆಯಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಚೀಟಿ ಬಂದಿಲ್ಲ, ಅಷ್ಟೇ.

ಯುಪಿಐ 2016ರಲ್ಲಿ ಶುರುವಾದದ್ದು. ನಡೆಸುವವರು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಎಲ್ಲರೂ ಎನ್‌ಪಿಸಿಐ ಎನ್ನುತ್ತಾರೆ. ನಾವು ಪಿನ್ ಒತ್ತಿದ ಮೇಲೆ ನಮ್ಮ ಆಪ್‌ನಿಂದ ಎನ್‌ಪಿಸಿಐಗೆ, ಅಲ್ಲಿಂದ ನಮ್ಮ ಬ್ಯಾಂಕಿಗೆ ಮಾತು ಹೋಗುತ್ತದೆ. ಬ್ಯಾಂಕ್ ಮೊದಲು ನಮ್ಮ ಖಾತೆಯಿಂದ ದುಡ್ಡು ಕಡಿಯುತ್ತದೆ. ಆಮೇಲೆ ದುಡ್ಡು ಪಡೆಯುವವರ ಬ್ಯಾಂಕಿಗೆ ಜಮಾ ಮಾಡುವಂತೆ ಹೇಳಿಕೆ ಹೋಗುತ್ತದೆ. ಆ ಬ್ಯಾಂಕ್ "ಜಮಾ ಆಯಿತು" ಎಂದ ಮೇಲೆ ಅದು ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ಟಿಕೆಟ್ ಮಾರುವ ತಾಣಕ್ಕೆ ಬರಬೇಕು. ಆಗ ಟಿಕೆಟ್ ಹುಟ್ಟುತ್ತದೆ. ಇಷ್ಟು ಸ್ಟಾಪಿನಲ್ಲಿ ಎಲ್ಲಿ ನಿಂತರೂ ಕೊಂಡವರ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಹೆಚ್ಚಿನ ಸಲ ಇದೆಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯುವುದರಿಂದ ನಮಗೆ ದಾರಿ ಇದೆ ಎಂಬುದೇ ಮರೆತಿದೆ.

143 ಎಂದರೆ 143 ಜನ ಅಲ್ಲ

ನಾವು ಮೊದಲು ಮಾಡಿದ್ದು ಫೋನ್ ನಂಬರ್ ಪ್ರಕಾರ ಸಾಲುಗಳನ್ನು ಒಟ್ಟುಗೂಡಿಸಿದ್ದು. 143 ಸಾಲು 96 ಜನರದ್ದಾಯಿತು. ಒಬ್ಬರೇ ಎರಡು ಸಲ, ಮೂರು ಸಲ ಪ್ರಯತ್ನ ಮಾಡಿದ್ದರು.

ಆಮೇಲೆ ಆ 96 ನಂಬರ್‌ಗಳನ್ನು ದುಡ್ಡು ಬಂದವರ ಪಟ್ಟಿಯ ಜೊತೆ ಹೋಲಿಸಿದೆವು. 41 ಜನ ಆಗಲೇ ಟಿಕೆಟ್ ತೆಗೆದುಕೊಂಡವರು. ಮೊದಲ ಸಲ ನಿಂತು ಹೋಗಿತ್ತು, ಎರಡನೇ ಸಲ ಆಗಿತ್ತು. ಅವರಿಗೆ ತೊಂದರೆಯೇ ಇಲ್ಲ. ಅಂದರೆ ನಿಜವಾಗಿ ಟಿಕೆಟ್ ಸಿಗದೆ ಉಳಿದವರು 55 ಜನ.

143 ಎಂದು ನೋಡಿ ಹೌಹಾರಿದ್ದ ನಮಗೆ 55 ಎಂದಾಗ ಸ್ವಲ್ಪ ಸಮಾಧಾನ ಆಯಿತು. ಆ 55 ಜನರ ಮುಂದೆ ಇದ್ದ ಪದಗಳನ್ನು ಓದತೊಡಗಿದೆವು.

26 ಜನರದ್ದು 'ಕ್ರಿಯೇಟೆಡ್'. ಸೀಟು ಆರಿಸಿದ್ದಾರೆ, ಆರ್ಡರ್ ನಂಬರ್ ಹುಟ್ಟಿದೆ, ಆದರೆ ದುಡ್ಡು ಕೊಡುವ ಪ್ರಯತ್ನವನ್ನೇ ಮಾಡಿಲ್ಲ. ಅಂಗಡಿಗೆ ಬಂದು ಸೀರೆ ತೆಗೆಸಿ ನೋಡಿ "ಮನೆಯಲ್ಲಿ ಕೇಳಿ ಬರ್ತೀನಿ" ಎಂದು ಹೋದ ಹಾಗೆ. ಇದಕ್ಕೆ ತಪ್ಪು ಎನ್ನಲು ಏನೂ ಇಲ್ಲ. ಆದರೆ ಪರಿಚಯದವರಲ್ಲಿ ಕೆಲವರು ತಾವಾಗಿಯೇ ಹೇಳಿದ ಒಂದು ಕಾರಣ ನಮಗೆ ಹೊಳೆದೇ ಇರಲಿಲ್ಲ. ಟಿಕೆಟ್ 100 ರೂಪಾಯಿ ಎಂದು ಪೋಸ್ಟರಿನಲ್ಲಿ ಹಾಕಿದ್ದೆವು. ಕೊನೆಯ ಪುಟಕ್ಕೆ ಬಂದರೆ 111 ರೂಪಾಯಿ 80 ಪೈಸೆ. ಟಿಕೆಟ್ ತಾಣದ ಶುಲ್ಕ 10 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 1 ರೂಪಾಯಿ 80 ಪೈಸೆ. "ನೂರು ಅಂತ ಹೇಳಿ ನೂರಹನ್ನೆರಡು ತೆಗೊಳ್ಳೋದಾ?" ಎಂದು ಬಿಟ್ಟವರಿದ್ದರು. ಹನ್ನೆರಡು ರೂಪಾಯಿ ಅವರಿಗೆ ದೊಡ್ಡದಲ್ಲ. ಮೊದಲೇ ಹೇಳಲಿಲ್ಲ ಎಂಬುದು ದೊಡ್ಡದು.

22 ಜನರದ್ದು 'ಫೇಲ್ಡ್' ಅಥವಾ 'ಎಕ್ಸ್‌ಪೈರ್ಡ್'. ಫೇಲ್ ಆಗುವುದರಲ್ಲಿ ಎರಡು ಬಗೆ ಇದೆ. ಎನ್‌ಪಿಸಿಐಯವರೇ ಬೇರೆ ಬೇರೆಯಾಗಿ ಲೆಕ್ಕ ಇಡುತ್ತಾರೆ. ಪಿನ್ ತಪ್ಪಾಗಿದ್ದು, ಖಾತೆಯಲ್ಲಿ ದುಡ್ಡು ಸಾಲದಿದ್ದದ್ದು, ದಿನದ ಮಿತಿ ದಾಟಿದ್ದು ಒಂದು ಬಗೆ. ಅದನ್ನು 'ಬಿಸಿನೆಸ್ ಡಿಕ್ಲೈನ್' ಎನ್ನುತ್ತಾರೆ. ಬ್ಯಾಂಕಿನ ಸರ್ವರ್ ಮಲಗಿದ್ದು, ನಡುವಿನ ಜಾಲ ಕೈಕೊಟ್ಟದ್ದು ಇನ್ನೊಂದು ಬಗೆ. ಅದು 'ಟೆಕ್ನಿಕಲ್ ಡಿಕ್ಲೈನ್'. ಮೊದಲನೆಯದಕ್ಕೆ ಕೊಳ್ಳುವವರು ಏನಾದರೂ ಮಾಡಬಹುದು. ಎರಡನೆಯದಕ್ಕೆ ಕಾಯುವುದು ಬಿಟ್ಟು ದಾರಿ ಇಲ್ಲ. ನಾವು ಎರಡನ್ನೂ ಸೇರಿಸಿ "ಇವರ ಹತ್ತಿರ ದುಡ್ಡಿರಲಿಲ್ಲವೇನೋ" ಎಂದು ಮಾತಾಡಿಕೊಂಡಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

'ಎಕ್ಸ್‌ಪೈರ್ಡ್' ಎಂದರೆ ಹೊತ್ತು ಮೀರಿದ್ದು. ಕೆಲವರು ತಮ್ಮ ಯುಪಿಐ ಐಡಿ ಟೈಪ್ ಮಾಡಿದ್ದರು. ಆಗ ಅವರ ಆಪ್‌ಗೆ "ಇಷ್ಟು ದುಡ್ಡು ಕೊಡಿ" ಎಂಬ ಕೋರಿಕೆ ಹೋಗುತ್ತಿತ್ತು. ಕೆಲವೇ ನಿಮಿಷದಲ್ಲಿ ಅದನ್ನು ತೆರೆದು ಒಪ್ಪಿ ಪಿನ್ ಹಾಕಬೇಕಿತ್ತು. ನೆಟ್‌ವರ್ಕ್ ಇಲ್ಲದಿದ್ದರೆ ಕೋರಿಕೆ ಬರುವ ಹೊತ್ತಿಗೆ ಅವಧಿಯೇ ಮುಗಿದಿರುತ್ತಿತ್ತು.

ಉಳಿದ 7 ಜನರದ್ದು ನಾವು ಟಿಕೆಟ್ ಮುಚ್ಚಿದಾಗ 'ಪೆಂಡಿಂಗ್' ಇತ್ತು. ಈ ಏಳೇ ಏಳು ಸಾಲು ಎಲ್ಲಕ್ಕಿಂತ ಮುಖ್ಯವಾದದ್ದು. ಇಲ್ಲಿ ದುಡ್ಡು ಖಾತೆಯಿಂದ ಹೋಗಿರಬಹುದು. ಕೊಂಡವರ ಕಡೆಯಿಂದ ಅವರು ಕೊಡಬೇಕಾದದ್ದು ಕೊಟ್ಟಾಗಿದೆ. ಹಿರಿಯರದ್ದು ಈ ಏಳರಲ್ಲಿ ಒಂದು.

ಒಂಬತ್ತು ಸಲ ಪ್ರಯತ್ನಿಸಿದವರು

ಪಟ್ಟಿಯಲ್ಲಿ ಒಂದೇ ನಂಬರ್ ಒಂಬತ್ತು ಸಲ ಇತ್ತು. ಆಟದ ಮೊದಲೇ ನಮ್ಮ ಕಣ್ಣಿಗೆ ಬಿದ್ದಿತ್ತು. "ಇವರಿಗೆ ಬೇರೆ ಕೆಲಸ ಇಲ್ಲ, ಸುಮ್ಮನೆ ಒತ್ತಿ ನೋಡ್ತಿದ್ದಾರೆ" ಎಂದು ನಕ್ಕಿದ್ದೆವು.

ಅವರು ಶರಾವತಿ ಹಿನ್ನೀರಿನ ಕಡೆಯ ಒಂದು ಊರಿನ ಅಂಗನವಾಡಿ ಕಾರ್ಯಕರ್ತೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿದು ಇಡೀ ಊರಿಗೆ ಸಿಗ್ನಲ್ ಇಲ್ಲ. ಎರಡು ಸಂಜೆ ಗುಡ್ಡದ ಮೇಲಿನ ತೋಟದ ಬೇಲಿ ಹತ್ತಿರ ನಿಂತು ಪ್ರಯತ್ನ ಮಾಡಿದ್ದರು. ಟಿಕೆಟ್ ಪುಟದಿಂದ ಯುಪಿಐ ಆಪ್‌ಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಹಳೆಯ ಫೋನು ಮೊದಲಿನ ಪುಟವನ್ನು ಮುಚ್ಚಿಬಿಡುತ್ತಿತ್ತು. ಮತ್ತೆ ಮೊದಲಿನಿಂದ. ಒಂಬತ್ತನೇ ಸಲ ಆದ ಮೇಲೆ "ಒಂಬತ್ತು ಸಲವೂ ದುಡ್ಡು ಹೋಗಿದ್ದರೆ ಏನು ಗತಿ?" ಎಂದು ಹೆದರಿ ನಿಲ್ಲಿಸಿದ್ದರು. ಹೋಗಿರಲಿಲ್ಲ. ಆದರೆ ಅದನ್ನು ಖಚಿತ ಮಾಡಿಕೊಳ್ಳಲು ಅವರು ಸೋಮವಾರ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಬೇಕಾಯಿತು.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಸೀಟು ಆರಿಸಿದ ಕೂಡಲೇ ತಾಣವು ಆ ಸೀಟನ್ನು ಹತ್ತು ನಿಮಿಷ ಬೇರೆಯವರಿಗೆ ಕೊಡದೆ ಹಿಡಿದಿಡುತ್ತದೆ. ಅರ್ಧಕ್ಕೆ ನಿಂತ ಪ್ರತಿ ಪ್ರಯತ್ನವೂ ಹತ್ತು ನಿಮಿಷ ಕುರ್ಚಿ ಹಿಡಿದು ಕೂತಿರುತ್ತದೆ. ಸಂಜೆ ಏಳರ ಸುಮಾರಿಗೆ ಎಲ್ಲರೂ ಫೋನ್ ಹಿಡಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ "ಸೀಟಿಲ್ಲ" ಎಂದು ತೋರಿಸುತ್ತಿತ್ತು. ಅರ್ಧ ಗಂಟೆ ಬಿಟ್ಟು ನೋಡಿದರೆ ಸೀಟು ಇರುತ್ತಿತ್ತು. ಅರ್ಧ ಗಂಟೆ ಬಿಟ್ಟು ಯಾರು ನೋಡುತ್ತಾರೆ?

ಫೋನ್ ಮಾಡಿ ಬೈಸಿಕೊಂಡದ್ದು

ಆಟದ ಹಿಂದಿನ ದಿನ ನಾವು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಪಟ್ಟಿಯಲ್ಲಿದ್ದ ಕೆಲವು ನಂಬರ್‌ಗಳಿಗೆ ಫೋನ್ ಹಚ್ಚಿದ್ದೆವು. "ನಮಸ್ಕಾರ, ನಿಮ್ಮ ಪೇಮೆಂಟ್ ಅರ್ಧಕ್ಕೆ ನಿಂತಿದೆ, ಪೂರ್ತಿ ಮಾಡ್ತೀರಾ?" ಎಂದು.

ಮೂರನೇ ಫೋನಿಗೆ ಒಬ್ಬ ಹೆಂಗಸು ಸಿಕ್ಕರು. "ಇದೇ ಮಾತು ಹೇಳಿ ನಮ್ಮ ಭಾವನ ಖಾತೆ ಖಾಲಿ ಮಾಡಿದ್ರು. ಈಗಲೇ 1930ಕ್ಕೆ ಫೋನ್ ಮಾಡ್ತೀನಿ ನೋಡು" ಎಂದು ಬೈದು ಇಟ್ಟರು. 1930 ಎಂದರೆ ಸೈಬರ್ ವಂಚನೆಯ ದೂರು ಹೇಳುವ ಸಹಾಯವಾಣಿ. ನಮಗೆ ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದರೆ ಅವರು ಮಾಡಿದ್ದೇ ಸರಿ. ಗುರುತಿಲ್ಲದ ನಂಬರಿನಿಂದ ಫೋನ್ ಮಾಡಿ "ನಿಮ್ಮ ಪೇಮೆಂಟ್ ನಿಂತಿದೆ" ಎನ್ನುವುದು ವಂಚಕರ ಮಾತು. ನಮ್ಮ ಮಾತು ಅದೇ ಥರ ಇದ್ದರೆ ಜನ ನಮ್ಮನ್ನು ಬೇರೆ ಎಂದು ಹೇಗೆ ತಿಳಿಯಬೇಕು?

ಇನ್ನೊಬ್ಬರು ಮೆಲ್ಲಗೆ ಕೇಳಿದರು. "ನಾನು ಟಿಕೆಟ್ ನೋಡಿದ್ದು ನಿಮಗೆ ಹೇಗೆ ಗೊತ್ತಾಯ್ತು?" ಅವರ ದನಿಯಲ್ಲಿ ಸಂಕೋಚ ಇತ್ತು. ಅವರು ನಂಬರ್ ಕೊಟ್ಟದ್ದು ಟಿಕೆಟ್ ಬರಲಿ ಎಂದು. ನಾವು ಅದನ್ನು ನೋಡಿ ಅವರ ಜೇಬಿನ ವಿಷಯ ಊಹಿಸಲಿ ಎಂದಲ್ಲ. ಸಣ್ಣ ಊರು. ಪಟ್ಟಿಯಲ್ಲಿರುವ ನಂಬರ್‌ಗಳಲ್ಲಿ ಅರ್ಧ ನಮ್ಮ ಫೋನಿನಲ್ಲಿ ಹೆಸರಿನ ಸಮೇತ ಇವೆ. "ಅವರ ಖಾತೆಯಲ್ಲಿ 400 ರೂಪಾಯಿ ಇರಲಿಲ್ಲವಂತೆ" ಎಂಬ ಮಾತು ಅಂಗಡಿಯಿಂದ ಡೇರಿಗೆ ಹೋಗಲು ಎಷ್ಟು ಹೊತ್ತು ಬೇಕು? ಅಂದಿನಿಂದ ಆ ಪಟ್ಟಿ ನಮ್ಮಲ್ಲಿ ಒಬ್ಬರ ಹತ್ತಿರ ಮಾತ್ರ ಇರಬೇಕು, ಕಾರ್ಯಕ್ರಮದ ಲೆಕ್ಕ ಮುಗಿದ ಮೇಲೆ ಅಳಿಸಬೇಕು ಎಂದು ಮಾಡಿಕೊಂಡಿದ್ದೇವೆ.

ದುಡ್ಡು ಹೋಗಿ ಟಿಕೆಟ್ ಬರದಿದ್ದರೆ

ಇದನ್ನು ಓದುವ ಹೆಚ್ಚಿನವರು ಟಿಕೆಟ್ ಮಾರುವವರಲ್ಲ, ಕೊಳ್ಳುವವರು. ನಿಮಗೆ ಬೇಕಾಗುವ ನಾಲ್ಕು ಮಾತು ಹೇಳುತ್ತೇವೆ.

ಖಾತೆಯಿಂದ ದುಡ್ಡು ಹೋಗಿ ಟಿಕೆಟ್ ಬರದಿದ್ದರೆ ತಕ್ಷಣ ಇನ್ನೊಂದು ಸಲ ಕೊಡಬೇಡಿ. ಯುಪಿಐ ಆಪ್ ತೆರೆದು ಹಳೆಯ ವ್ಯವಹಾರಗಳ ಪಟ್ಟಿ ನೋಡಿ. ಅಲ್ಲಿ ಆಯಿತು, ಆಗಲಿಲ್ಲ, ಕಾಯುತ್ತಿದೆ, ಈ ಮೂರರಲ್ಲಿ ಒಂದು ಇರುತ್ತದೆ. 'ಆಗಲಿಲ್ಲ' ಎಂದು ಸ್ಪಷ್ಟವಾಗಿ ಇದ್ದು ದುಡ್ಡೂ ಕಡಿತವಾಗಿಲ್ಲದಿದ್ದರೆ ಮಾತ್ರ ಮತ್ತೆ ಪ್ರಯತ್ನಿಸಿ.

ಆ ವ್ಯವಹಾರದ ವಿವರದಲ್ಲಿ 12 ಅಂಕಿಯ ಒಂದು ನಂಬರ್ ಇರುತ್ತದೆ. ಯುಟಿಆರ್ ಎನ್ನುತ್ತಾರೆ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಇದಕ್ಕೆ ನಿಯಮ ಮಾಡಿದೆ. ಯುಪಿಐನಲ್ಲಿ ವ್ಯಾಪಾರಿಗೆ ಕೊಟ್ಟ ದುಡ್ಡು ನಿಮ್ಮ ಖಾತೆಯಿಂದ ಹೋಗಿ, ವ್ಯಾಪಾರಿಗೆ ಖಚಿತವಾಗದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ತಾನಾಗಿ ನಿಮ್ಮ ಖಾತೆಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ಪರಿಹಾರವನ್ನು ನೀವು ದೂರು ಕೊಡುವ ತನಕ ಕಾಯದೆ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಹೀಗಾದರೆ ಮರುದಿನದೊಳಗೆ ವಾಪಸ್ ಬರಬೇಕು.

ಬರದಿದ್ದರೆ ಮೊದಲು ಆಪ್‌ನಲ್ಲೇ ಆ ವ್ಯವಹಾರದ ಮೇಲೆ ದೂರು ಹಾಕಿ, ಆಮೇಲೆ ಬ್ಯಾಂಕಿಗೆ ಬರೆದು ಕೊಡಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದರ ಬಗ್ಗೆ ಕೇಳಲು ಫೋನ್ 14448.

ಕೊನೆಯದು, "ದುಡ್ಡು ವಾಪಸ್ ಹಾಕ್ತೀವಿ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅದು ಮೋಸ. ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ. ದುಡ್ಡು ಪಡೆಯುವುದಕ್ಕೆ ಪಿನ್ ಬೇಡ.

ಅವರ ಮನೆಗೆ ಹೋದದ್ದು

ಏಳು ಪೆಂಡಿಂಗ್‌ಗಳಲ್ಲಿ ಐದು ಜನರ ದುಡ್ಡು ಬ್ಯಾಂಕಿನಿಂದಲೇ ವಾಪಸ್ ಹೋಯಿತು. ಎರಡು ಜನರದ್ದು ತಡವಾಗಿ ನಮಗೆ ಬಂದಿತ್ತು. ಅದನ್ನು ನಾವು ವಾಪಸ್ ಕಳಿಸಿದೆವು. ಹಿರಿಯರ ದುಡ್ಡು ಅವರ ಖಾತೆಗೆ ಗುರುವಾರ ಮುಟ್ಟಿತು.

ದುಡ್ಡು ಮುಟ್ಟಿದ ಮೇಲೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಭಾನುವಾರ ಮೂವರೂ ಅವರ ಮನೆಗೆ ಹೋದೆವು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೂರಿಸಿದರು. ಮಜ್ಜಿಗೆ ಕೊಟ್ಟರು. ನಾವು ತಪ್ಪಾಯಿತು ಎಂದೆವು. "ಅದೆಲ್ಲ ಇರಲಿ, ಮಶೀನಿಂದು" ಎಂದರು. ನಾವು, ಮಶೀನಿಂದಲ್ಲ, ನಮ್ಮದು ಎಂದು ವಿವರಿಸಲು ಹೊರಟೆವು. ಅವರು ಮಾತು ಬೇರೆ ಕಡೆ ತಿರುಗಿಸಿದರು. ಅಡಿಕೆ ರೇಟು, ಕೊಳೆ ರೋಗ, ಹಿಂದೆ ಅವರೂರಿನಲ್ಲಿ ಆಗುತ್ತಿದ್ದ ಆಟಗಳು.

ಹೊರಡುವಾಗ ಮೊಮ್ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಮೇಷ್ಟ್ರು "ಮುಂದಿನ ಸಲ ಬಾ ಪುಟ್ಟಿ, ಮುಂದಿನ ಸಾಲಿನಲ್ಲಿ ಕೂರಿಸ್ತೀವಿ" ಎಂದರು. ಅವಳು ಅಜ್ಜನ ಮುಖ ನೋಡಿದಳು. ಅಜ್ಜ ಏನೂ ಹೇಳಲಿಲ್ಲ.

ಈಗ ಹೇಗೆ ಮಾಡುತ್ತೇವೆ

ಮಳೆಗಾಲದಲ್ಲಿ ಶಾಲೆಯ ಹಾಲ್‌ನಲ್ಲಿ ಒಂದು ತಾಳಮದ್ದಳೆ ಮಾಡಿದೆವು. 150 ಕುರ್ಚಿ. ಆಗ ಕೆಲವು ಬದಲಾವಣೆ ಮಾಡಿಕೊಂಡಿದ್ದೆವು.

ಪೋಸ್ಟರಿನಲ್ಲಿ ಶುಲ್ಕ ಸೇರಿಸಿದ ಪೂರ್ತಿ ಬೆಲೆಯನ್ನೇ ಹಾಕಿದೆವು. ಗೇಟಿನಲ್ಲಿ ನಗದಿಗೂ ಟಿಕೆಟ್ ಇದೆ ಎಂದು ದೊಡ್ಡದಾಗಿ ಬರೆದೆವು. ಪಕ್ಕದ ಮೂರು ಊರುಗಳಲ್ಲಿ ಒಂದೊಂದು ಅಂಗಡಿಯಲ್ಲಿ ಕಾಗದದ ಟಿಕೆಟ್ ಪುಸ್ತಕ ಇಟ್ಟೆವು. ಡ್ಯಾಶ್‌ಬೋರ್ಡ್‌ನಲ್ಲಿ ದುಡ್ಡು ಬಂದ ಸಾಲುಗಳನ್ನು ಮಾತ್ರ ಎಣಿಸಿದೆವು, ಕುರ್ಚಿ ಹೇಳುವುದಕ್ಕೂ ಸುದ್ದಿ ಬರೆಯುವುದಕ್ಕೂ. ಅರ್ಧಕ್ಕೆ ನಿಂತವರಿಗೆ ಫೋನ್ ಮಾಡಲಿಲ್ಲ. ಒಂದೇ ಒಂದು ಮೆಸೇಜ್ ಕಳಿಸಿದೆವು. ಲಿಂಕ್ ಇಲ್ಲ, ದುಡ್ಡು ಕೊಡಿ ಎಂಬ ಮಾತಿಲ್ಲ. "ಟಿಕೆಟ್ ಆಗದಿದ್ದರೆ ಚಿಂತೆ ಇಲ್ಲ, ಗೇಟಿಗೆ ಬನ್ನಿ. ದುಡ್ಡು ಹೋಗಿದ್ದರೆ ಮೆಸೇಜ್ ತೋರಿಸಿ" ಎಂದು, ಕೆಳಗೆ ಶಾಲೆಯ ಹೆಸರು.

ಗೇಟಿನಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಹತ್ತು ಕುರ್ಚಿ ತೆಗೆದಿಟ್ಟೆವು. ಯಾರಾದರೂ "ದುಡ್ಡು ಹೋಗಿದೆ, ಟಿಕೆಟ್ ಬಂದಿಲ್ಲ" ಎಂದರೆ ಹೆಸರು, ಮೊತ್ತ, 12 ಅಂಕಿಯ ನಂಬರ್ ಬರೆದುಕೊಂಡು ಒಳಗೆ ಬಿಡುವುದು. ದುಡ್ಡು ನಮಗೆ ಬಂದರೆ ಲೆಕ್ಕ ಮುಗಿಯಿತು. ಅವರಿಗೇ ವಾಪಸ್ ಹೋದರೆ ಆಮೇಲೆ ತಂದು ಕೊಡುತ್ತಾರೆ. ಸುಳ್ಳು ಮೆಸೇಜ್ ತೋರಿಸಿ ಒಳಗೆ ಬರುವವರೂ ಇರಬಹುದು, ಅಂಥ ಆಪ್‌ಗಳು ಇವೆ ಎಂಬುದು ರೀಚಾರ್ಜ್ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಅವರು ವಾದ ಮಾಡಿದರು. ಲೆಕ್ಕ ಹಾಕಿ ನೋಡಿದೆವು. ಹತ್ತು ಜನ ಮೋಸ ಮಾಡಿದರೂ ಹೋಗುವುದು ಒಂದೆರಡು ಸಾವಿರ. ಹೆಚ್ಚಾಗಿ ಹೇಳಿದ್ದ ಆ 200 ಕುರ್ಚಿಗೆ ಬಾಡಿಗೆ, ಟೆಂಪೋ ಖರ್ಚು ಅಂತ ನಾವು ಅದಕ್ಕಿಂತ ಜಾಸ್ತಿ ಕಳೆದಿದ್ದೆವು.

ತಾಳಮದ್ದಳೆಯ ದಿನ ನೋಟ್‌ಬುಕ್‌ನಲ್ಲಿ ಆರು ಹೆಸರು ಬಂದವು. ಮೂರು ಜನರ ದುಡ್ಡು ಎರಡು ದಿನದಲ್ಲಿ ನಮಗೆ ಬಂತು. ಇಬ್ಬರಿಗೆ ವಾಪಸ್ ಹೋಗಿತ್ತು. ಒಬ್ಬರು ಸಂತೆಯ ದಿನ ಅಂಗಡಿಗೆ ತಂದು ಕೊಟ್ಟರು, ಇನ್ನೊಬ್ಬರು ಮಗನ ಕೈಯಲ್ಲಿ ಕಳಿಸಿದರು. ಆರನೆಯದು ಇನ್ನೂ ಬಂದಿಲ್ಲ. ಆ ಸಾಲಿನ ಮುಂದೆ ನಾವು ಏನೂ ಬರೆದಿಲ್ಲ. ಖಾಲಿ ಬಿಟ್ಟಿದ್ದೇವೆ.

ಹಿರಿಯರು ತಾಳಮದ್ದಳೆಗೆ ಬರಲಿಲ್ಲ. ಹೇಳಿ ಕಳಿಸಿದ್ದೆವು. ಮಳೆಯೂ ಜೋರಿತ್ತು.

ಈ ಸಲದ ಆಟ ಮತ್ತೆ ಫೆಬ್ರವರಿಯಲ್ಲಿ. ಹಳೆಯ 255ರ ಸುದ್ದಿಗೆ ತಿದ್ದುಪಡಿಯನ್ನು ಪತ್ರಿಕೆಗೆ ಆಗಲೇ ಬರೆದು ಕಳಿಸಿದ್ದೆವು. ಇಷ್ಟು ಸಣ್ಣ ವಿಷಯಕ್ಕೆ ಜಾಗ ಇಲ್ಲ ಎಂದರು. ಅದಕ್ಕೇ ಇಲ್ಲಿ ಬರೆದಿದ್ದೇವೆ. ಬುಕಿಂಗ್ ಆಗಿದ್ದು 255 ಅಲ್ಲ, 112.